ಒಂದು ಕಳೆಯಬೇಕೋ, ಐದು ಕಳೆಯಬೇಕೋ

ಐಬಿಎಂ 1981ರಲ್ಲಿ ತನ್ನ ಪಿಸಿಯನ್ನು ಹೊರತಂದಾಗ ಅದರ ಪರದೆಯನ್ನು ನಡೆಸುತ್ತಿದ್ದುದು ಮೊಟೊರೊಲಾದ 6845 ಎಂಬ ಚಿಪ್. ಅದರ ಸೊನ್ನೆಯ ಸಂಖ್ಯೆಯ ರಿಜಿಸ್ಟರ್‌ನಲ್ಲಿ (ಚಿಪ್ಪಿನೊಳಗೆ ಒಂದು ಸಂಖ್ಯೆಯನ್ನು ಹಿಡಿದಿಡುವ ಗೂಡಿನಲ್ಲಿ) ಪರದೆಯ ಒಂದು ಅಡ್ಡಗೆರೆಯ ಒಟ್ಟು ಉದ್ದವನ್ನು ಅಕ್ಷರಗಳ ಲೆಕ್ಕದಲ್ಲಿ ಬರೆಯಬೇಕಿತ್ತು, ಅದೂ ಒಂದು ಕಳೆದು. ಉದ್ದ 114 ಅಕ್ಷರವಾದರೆ ಬರೆಯಬೇಕಾದದ್ದು 113. 1984ರಲ್ಲಿ ಐಬಿಎಂನ ಮುಂದಿನ ಪರದೆ ಕಾರ್ಡ್ ಇಜಿಎ ಬಂತು. ಅಲ್ಲೂ ಸೊನ್ನೆಯ ರಿಜಿಸ್ಟರ್, ಅಲ್ಲೂ ಅದೇ ಹೆಸರು. ಆದರೆ ಕಳೆಯಬೇಕಾದದ್ದು ಎರಡು. ಅದರ ನಂತರ 1987ರಲ್ಲಿ ಬಂದ ವಿಜಿಎಯಲ್ಲಿ ಐದು.

ಹೊಸ ಚಿಪ್ ಎಂದರೆ ಹಳೆಯದೇ ಸ್ವಲ್ಪ ವೇಗವಾಗಿ ಓಡುವುದು ಎಂದು ನಂಬಿರುವವರ ಮುಂದೆ ನಾನು ಇಡುವ ಮೊದಲ ಸಾಕ್ಷಿ ಇದೇ. ವಿಜಿಎಯ 640×480 ಚಿತ್ರದಲ್ಲಿ ಒಂದು ಗೆರೆಗೆ, ಕಾಣದ ಅಂಚುಗಳೂ ಸೇರಿ, 800 ಚುಕ್ಕೆ. ಎಂಟು ಚುಕ್ಕೆಗೊಂದು ಅಕ್ಷರದಂತೆ ನೂರು ಅಕ್ಷರ. ಬರೆಯಬೇಕಾದದ್ದು 95. 6845ರ ಅಭ್ಯಾಸಬಲದಿಂದ 99 ಬರೆದರೆ ಗೆರೆ 104 ಅಕ್ಷರದಷ್ಟು ಉದ್ದವಾಗುತ್ತದೆ. ಸೆಕೆಂಡಿಗೆ ಸುಮಾರು 31,500 ಗೆರೆ ಎಳೆಯಬೇಕಾದ ಕಡೆ ಸುಮಾರು 30,300ಕ್ಕೆ ಇಳಿಯುತ್ತದೆ. ಒಂದೇ ಆವರ್ತನಕ್ಕೆ ಕಟ್ಟುಬಿದ್ದ ಆ ಕಾಲದ ಮಾನಿಟರ್ ಇದನ್ನು ಹಿಡಿದು ನಿಲ್ಲಿಸಲಾರದೆ ಚಿತ್ರವನ್ನು ಹರಿದು ತೇಲಿಸಬಹುದು. ಪ್ರೋಗ್ರಾಮ್‌ನಲ್ಲಿ ವ್ಯಾಕರಣದೋಷವಿಲ್ಲ, ವಿಳಾಸ ಸರಿ, ರಿಜಿಸ್ಟರ್ ಸರಿ. ತಪ್ಪಿದ್ದು ನಾಲ್ಕೇ ನಾಲ್ಕು.

ಪರದೆ ಹಸಿರಾದರೆ, ಮಿಣುಕಿದರೆ, ಡ್ರೈವರ್ (ಚಿಪ್ಪಿಗೆ ಆಜ್ಞೆ ಕೊಡುವ ತಂತ್ರಾಂಶ) ತೆಗೆದು ಮತ್ತೆ ಹಾಕಿ, ಮೂರು ಬಾರಿ ಯಂತ್ರವನ್ನು ಆರಿಸಿ ಹೊತ್ತಿಸಿ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಡ್ರೈವರ್‌ನ ಕಡತ ಕೆಟ್ಟಿದ್ದರೆ ಅದರಿಂದ ಗುಣವಾದೀತು. ಕಡತ ಸರಿಯಿದ್ದು, ಈ ಚಿಪ್ಪಿಗೆ ಸಲ್ಲದ ಸಂಖ್ಯೆಯನ್ನು ಅದು ಬರೆಯುತ್ತಿದ್ದರೆ, ಎಷ್ಟು ಬಾರಿ ಮರುಸ್ಥಾಪಿಸಿದರೂ ಅದೇ ವಿಳಾಸಕ್ಕೆ ಅದೇ ಸಂಖ್ಯೆ ಹೋಗುತ್ತದೆ. ಮಂತ್ರಕ್ಕೆ ಇಲ್ಲಿ ಕೆಲಸವಿಲ್ಲ. ಅಲ್ಲಿ ಇರುವುದು ಯಾವ ಚಿಪ್ ಎಂದು ಡ್ರೈವರ್‌ಗೆ ತಿಳಿದಿದೆಯೇ ಎಂಬುದಷ್ಟೇ ಪ್ರಶ್ನೆ.

ಈ ವ್ಯತ್ಯಾಸಗಳು ತಯಾರಕರ ಹಟದಿಂದ ಹುಟ್ಟಿದವು ಎಂದು ಬೈಯುವುದು ಸುಲಭ. ಅನೇಕ ಸಲ ಕಾರಣ ಜಾಗದ ಅಭಾವ. ಒಂದು ಫ್ರೇಮ್‌ನಲ್ಲಿ ಒಟ್ಟು ಎಷ್ಟು ಗೆರೆ ಎಂಬುದನ್ನು ಹಿಡಿಯುವ, ಸೊನ್ನೆಯಿಂದ ಎಣಿಸಿದರೆ ಆರನೆಯ, ರಿಜಿಸ್ಟರ್ ಎಂಟು ಬಿಟ್‌ಗಳದ್ದು (ಬಿಟ್ ಎಂದರೆ ಸೊನ್ನೆ ಇಲ್ಲವೇ ಒಂದು ಮಾತ್ರ ಹಿಡಿಯುವ ಅಂಕೆ). 255ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸದು. ಇಜಿಎಗೆ 350 ಗೆರೆ ತೋರಿಸಬೇಕಿತ್ತು. ಹಾಗಾಗಿ ಒಂಬತ್ತನೆಯ ಬಿಟ್ಟನ್ನು ಏಳನೆಯ ರಿಜಿಸ್ಟರ್‌ನ ಮೊದಲ ಬಿಟ್ಟಿಗೆ ಸಾಗಿಸಿದರು. ವಿಜಿಎಗೆ ಹತ್ತನೆಯ ಬಿಟ್ಟೂ ಬೇಕಾಯಿತು. ಅಷ್ಟರಲ್ಲಿ ಪಕ್ಕದ ನಾಲ್ಕು ಬಿಟ್‌ಗಳನ್ನು ಬೇರೆ ಬೇರೆ ಅಳತೆಗಳ ಒಂಬತ್ತನೆಯ ಬಿಟ್‌ಗಳು ಆಕ್ರಮಿಸಿಕೊಂಡಿದ್ದವು; ಹತ್ತನೆಯದು ಅವನ್ನು ದಾಟಿ ಕುಳಿತಿತು. 640×480ರಲ್ಲಿ ಒಟ್ಟು 525 ಗೆರೆ. ಇಲ್ಲಿ ಕಳೆಯಬೇಕಾದದ್ದು ಎರಡು (ಹೌದು, ಅಡ್ಡಕ್ಕೆ ಐದು, ಲಂಬಕ್ಕೆ ಎರಡು), ಉಳಿದದ್ದು 523, ಅಂದರೆ 512 ಮತ್ತು 11. ಆ 11 ಆರನೆಯ ರಿಜಿಸ್ಟರ್‌ಗೆ ಹೋಗುತ್ತದೆ. 512ನ್ನು ಸೂಚಿಸುವ ಒಂಟಿ ಬಿಟ್ ಏಳನೆಯದಕ್ಕೆ, ಸೊನ್ನೆಯಿಂದ ಎಣಿಸಿದರೆ ಐದನೆಯ ಸ್ಥಾನಕ್ಕೆ. ಮುಂದೆ ಸೂಪರ್ ವಿಜಿಎ ಕಾಲದಲ್ಲಿ ಹನ್ನೊಂದನೆಯ ಬಿಟ್ ಬೇಕಾದಾಗ ಸಾಮಾನ್ಯ ಮಾದರಿಯೇ ಇರಲಿಲ್ಲ. ಹದಿನಾರರ ಆಧಾರದ ಎಣಿಕೆಯಲ್ಲಿ ಹೇಳುವುದಾದರೆ ಎಸ್3 ಕಂಪನಿ ಅದನ್ನು 5ಇ ರಿಜಿಸ್ಟರ್‌ನಲ್ಲಿಟ್ಟಿತು, ಟ್ಸೆಂಗ್ ಲ್ಯಾಬ್ಸ್ 35ರಲ್ಲಿ. ಎಲ್ಲವೂ 'ವಿಜಿಎಗೆ ಹೊಂದುವ' ಕಾರ್ಡ್‌ಗಳೇ. ವೆಸಾ (VESA) ಎಂಬ ಮಾನಕ ಸಂಸ್ಥೆ ಎಂಬತ್ತರ ದಶಕದ ಕೊನೆಯಲ್ಲಿ ಹುಟ್ಟಿಕೊಂಡದ್ದು ಈ ಗೊಂದಲದ ನಡುವೆಯೇ.

ಇಷ್ಟು ಭಿನ್ನತೆಯನ್ನು ಒಂದೇ ಡ್ರೈವರ್ ಹೇಗೆ ನಿಭಾಯಿಸಬೇಕು? ಮೊದಲು ಹೊಳೆಯುವ ಉಪಾಯ ಷರತ್ತು: ಚಿಪ್ಪಿನ ಪೀಳಿಗೆ ಏಳು ಅಥವಾ ಅದಕ್ಕಿಂತ ಮೇಲಾದರೆ ಹೀಗೆ ಮಾಡು, ಇಲ್ಲವಾದರೆ ಹಾಗೆ ಮಾಡು. ಪೀಳಿಗೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಕೂರುತ್ತವೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ಸುಳ್ಳು. ಇಂಟೆಲ್‌ನ ಐವಿ ಬ್ರಿಡ್ಜ್ ಮತ್ತು ವ್ಯಾಲಿವ್ಯೂ ಎಂಬ ಎರಡು ಚಿಪ್‌ಗಳ ಗ್ರಾಫಿಕ್ಸ್ (ಚಿತ್ರ ರಚಿಸುವ) ಭಾಗವೂ ಏಳನೆಯ ಪೀಳಿಗೆಯದು. ಆದರೆ ವ್ಯಾಲಿವ್ಯೂದ ಪರದೆ ಭಾಗ ಇಂಟೆಲ್‌ನದೇ ಎಷ್ಟೋ ಹಳೆಯ ಜಿ4ಎಕ್ಸ್ ವಂಶದ್ದು. ಸಾಲದೆಂಬಂತೆ ಅದರ ಪರದೆ ರಿಜಿಸ್ಟರ್‌ಗಳೆಲ್ಲ ಹದಿನಾರರ ಎಣಿಕೆಯ 180000ದಷ್ಟು ಮುಂದಕ್ಕೆ ಸರಿದಿವೆ. ಜೆಮಿನಿ ಲೇಕ್‌ನಲ್ಲಿ ಗ್ರಾಫಿಕ್ಸ್ ಒಂಬತ್ತನೆಯದು, ಪರದೆ ಹತ್ತನೆಯದು. ಇಂಟೆಲ್ ಚಿಪ್‌ಗಳಿಗಾಗಿ ಲಿನಕ್ಸ್‌ನಲ್ಲಿರುವ ಐ915 ಡ್ರೈವರ್ ಬಹುಕಾಲ ಒಂದೇ ಪೀಳಿಗೆ ಸಂಖ್ಯೆಯನ್ನು ನೆಚ್ಚಿಕೊಂಡಿತ್ತು. 2021ರಲ್ಲಿ ಅದನ್ನು ಒಡೆದು ಗ್ರಾಫಿಕ್ಸ್‌ಗೊಂದು, ಮಾಧ್ಯಮಕ್ಕೊಂದು, ಪರದೆಗೊಂದು ಸಂಖ್ಯೆ ಮಾಡಲಾಯಿತು. ಇದು ಬಹಳ ಹಿಂದೆಯೇ ಆಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ನಾನು ಮೆಚ್ಚುವ ದಾರಿ ಬೇರೆ. ವ್ಯತ್ಯಾಸವನ್ನು ಷರತ್ತಿನಿಂದ ಕಿತ್ತು ಕೋಷ್ಟಕಕ್ಕೆ ಹಾಕಬೇಕು. ಹೊಲಿಗೆಯವರು ಅಂಗಿ ಹೊಲಿಯುವ ವಿಧಾನವನ್ನು ಗಿರಾಕಿಗೊಂದರಂತೆ ಬದಲಿಸುವುದಿಲ್ಲ, ಅಳತೆಯ ಪುಸ್ತಕದಲ್ಲಿ ಪುಟ ತಿರುಗಿಸುತ್ತಾರೆ. ಡ್ರೈವರ್‌ನ ಮುಖ್ಯ ಭಾಗ 'ಈ ಪದರವನ್ನು ತೋರಿಸು' ಎಂದಷ್ಟೇ ಹೇಳಲಿ. ಅದಕ್ಕೆ ಯಾವ ವಿಳಾಸ, ಎಷ್ಟು ಬಿಟ್ ಅಗಲ, ಎಷ್ಟನೆಯ ಬಿಟ್ಟಿನಿಂದ ಶುರು ಎಂಬ ಮೂರು ಸಂಗತಿಗಳನ್ನು ಆ ಚಿಪ್ಪಿನ ಕೋಷ್ಟಕ ಒದಗಿಸಲಿ. ರಾಕ್‌ಚಿಪ್ ಸಂಸ್ಥೆಯ ಚಿಪ್‌ಗಳಿಗಾಗಿ ಲಿನಕ್ಸ್‌ನಲ್ಲಿರುವ ಪರದೆ ಡ್ರೈವರ್ ನಡೆಯುವುದು ಹೀಗೆಯೇ. ಅದರ ಒಂದೊಂದು ನಮೂದಿನಲ್ಲಿ ಈ ಮೂರರ ಜೊತೆ ಇನ್ನೊಂದು ಗುರುತೂ ಇದೆ: ಕೆಲವು ರಿಜಿಸ್ಟರ್‌ಗಳಲ್ಲಿ ಮೇಲಿನ 16 ಬಿಟ್‌ಗಳು ಕೆಳಗಿನ 16ಕ್ಕೆ ಅನುಮತಿಪತ್ರವಿದ್ದಂತೆ, ಮೇಲಿನ ಜೋಡಿ ಬಿಟ್ ಒಂದಾಗಿದ್ದರೆ ಮಾತ್ರ ಕೆಳಗಿನದು ಬದಲಾಗುತ್ತದೆ. ಆ ಗುಣವೂ ಕೋಷ್ಟಕದಲ್ಲೇ ಅಡಗಿದೆ, ಬರೆಯುವ ಕೋಡ್‌ಗೆ ಅದರ ಚಿಂತೆಯಿಲ್ಲ. ಆರ್‌ಕೆ3399 ಚಿಪ್ಪಿನೊಳಗೆ ದೊಡ್ಡದು, ಚಿಕ್ಕದು ಎಂದು ಎರಡು ಪರದೆ ಘಟಕಗಳಿವೆ. ಎರಡಕ್ಕೂ ಬೇರೆ ಕೋಷ್ಟಕ, ಕೋಡ್ ಒಂದೇ. ಯಾವುದಕ್ಕೆ ಯಾವ ಕೋಷ್ಟಕ ಎಂಬುದನ್ನು ಯಂತ್ರದ ವಿವರಣೆಯಲ್ಲಿರುವ ಹೆಸರು ತೀರ್ಮಾನಿಸುತ್ತದೆ. ಪಿಸಿಐ ಲೋಕದಲ್ಲಾದರೆ, ಅಂದರೆ ಪಿಸಿಗೆ ಕಾರ್ಡ್‌ಗಳನ್ನು ಜೋಡಿಸುವ ವ್ಯವಸ್ಥೆಯಲ್ಲಾದರೆ, ಆ ಕೆಲಸ ಗುರುತುಸಂಖ್ಯೆಯದು. ಇಂಟೆಲ್ ತನಗೆ ಪಡೆದುಕೊಂಡ ಸಂಖ್ಯೆ, ಹದಿನಾರರ ಎಣಿಕೆಯಲ್ಲಿ, 8086; ಅದು ಇಂಟೆಲ್‌ನ ಹೆಸರಾಂತ ಹಳೆಯ ಪ್ರೊಸೆಸರ್‌ನ ಹೆಸರೂ ಹೌದು. ತಮಾಷೆ ಬೇಕೆಂದೇ ಮಾಡಿದ್ದು ಅನ್ನಿಸದಿರದು.

ಕೋಷ್ಟಕದ ಗುಣ ಹೆಚ್ಚು ಮೆರೆಯುವುದು ಕ್ರಮ ತಪ್ಪಿದಾಗ. ಐವಿ ಬ್ರಿಡ್ಜ್‌ನಲ್ಲಿ ಮೂರು ಪರದೆ ಕೊಳವೆಗಳ (ಪರದೆಗೆ ಚಿತ್ರ ಸಾಗಿಸುವ ಭಾಗಗಳ) ರಿಜಿಸ್ಟರ್‌ಗಳು, ಹದಿನಾರರ ಎಣಿಕೆಯಲ್ಲೇ, 70000, 71000, 72000 ಎಂಬ ವಿಳಾಸಗಳಿಂದ ಶುರುವಾಗುತ್ತವೆ. ಇದನ್ನು ಕಂಡವರು ಮೊದಲ ವಿಳಾಸಕ್ಕೆ, ಸೊನ್ನೆಯಿಂದ ಎಣಿಸಿದ ಕೊಳವೆಸಂಖ್ಯೆಯ ಸಾವಿರಪಟ್ಟು ಕೂಡಿಸು ಎಂಬ ಚೊಕ್ಕ ಸೂತ್ರ ಬರೆದುಬಿಡುತ್ತಾರೆ. ಇಂಟೆಲ್‌ನದೇ ಇನ್ನೊಂದು ಚಿಪ್ ಚೆರ್ರಿವ್ಯೂದಲ್ಲಿ ಮೂರನೆಯ ಕೊಳವೆ ಇರುವುದು 74000ದಲ್ಲಿ. ಸೂತ್ರ ಅಲ್ಲಿಗೆ ಮುಗಿಯಿತು. ವಿಳಾಸಗಳ ಪಟ್ಟಿ ಇಟ್ಟುಕೊಂಡವರಿಗೆ ಒಂದು ಸಂಖ್ಯೆ ಬದಲಿಸಿದರೆ ಕೆಲಸವಾಯಿತು. ಹಾರ್ಡ್‌ವೇರ್‌ನಲ್ಲಿ ಕಾಣುವ ಅಂದವನ್ನು ಅತಿಯಾಗಿ ನಂಬಬಾರದು.

ಎಲ್ಲವನ್ನೂ ಕೋಷ್ಟಕ ಮಾಡಲು ಹೊರಟರೂ ಕಷ್ಟವೇ. ವಿಳಾಸ ಬೇರೆಯಾದರೆ ಕೋಷ್ಟಕ ಸಾಕು. ಕೆಲಸದ ಅನುಕ್ರಮವೇ ಬೇರೆಯಾದರೆ, ಒಂದು ಚಿಪ್ಪಿನಲ್ಲಿ ಗಡಿಯಾರ ಸ್ಥಿರವಾಗುವವರೆಗೆ ಕಾದು ಕೊಳವೆ ತೆರೆಯಬೇಕು, ಇನ್ನೊಂದರಲ್ಲಿ ನಡುವೆ ವಿದ್ಯುತ್ ಘಟಕವನ್ನು ಎಬ್ಬಿಸಬೇಕು ಎಂದಾದರೆ, ಚಿಪ್ಪಿಗೊಂದು ಪ್ರತ್ಯೇಕ ಫಂಕ್ಷನ್ ಬರೆಯುವುದೇ ಮೇಲು. ಅನುಕ್ರಮವನ್ನೂ ದತ್ತಾಂಶವಾಗಿಸಿದರೆ ಕೊನೆಗೆ ಉಳಿಯುವುದು ಕೋಷ್ಟಕವಲ್ಲ, ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆ. ಅದನ್ನು ಮಾಡಿ ತೋರಿಸಿದವರೂ ಇದ್ದಾರೆ. ಎಎಂಡಿ ಕಾರ್ಡ್‌ಗಳ ಬಯಾಸ್‌ನಲ್ಲಿ (ಕಾರ್ಡ್‌ನೊಳಗೇ ಇರುವ ತಂತ್ರಾಂಶದಲ್ಲಿ) ಅಟಾಮ್‌ಬಯಾಸ್ ಎಂಬ ಆಜ್ಞಾಕೋಷ್ಟಕಗಳಿದ್ದು, ಡ್ರೈವರ್ ಅವನ್ನು ಒಂದೊಂದಾಗಿ ಓದಿ ಪಾಲಿಸುತ್ತದೆ. ಕಾರ್ಡ್ ತನ್ನ ವಿಚಿತ್ರಗಳನ್ನು ತಾನೇ ಹೊತ್ತು ತರುವುದು ಜಾಣತನ ನಿಜ. ಆದರೆ ಅಲ್ಲಿ ದೋಷ ಹೊಕ್ಕರೆ ಹುಡುಕುವವರ ಪಾಡು ಕೇಳಬೇಡಿ.

ಇನ್ನು ಕೋಷ್ಟಕದಲ್ಲೇ ಇಲ್ಲದ ಚಿಪ್ ಎದುರಾದರೆ? ಹತ್ತಿರದ ಸಂಬಂಧಿಯ ಪುಟ ತೆರೆದು ಊಹಿಸುವ ಆಸೆ ಹುಟ್ಟುತ್ತದೆ. ಇಲ್ಲದ ವಿಳಾಸಕ್ಕೆ ಬರೆದದ್ದನ್ನು ಕೆಲವು ಯಂತ್ರಗಳು ಸದ್ದಿಲ್ಲದೆ ನುಂಗುತ್ತವೆ. ಮೊಬೈಲ್ ಬಗೆಯ ಚಿಪ್‌ಗಳಲ್ಲಿ, ಗಡಿಯಾರ ನಿಲ್ಲಿಸಿರುವ ಘಟಕವನ್ನು ಮುಟ್ಟಿದರೆ ಇಡೀ ಯಂತ್ರವೇ ಸ್ತಬ್ಧವಾಗಬಹುದು. ಐ915 ಈ ವಿಷಯದಲ್ಲಿ ಕಟ್ಟುನಿಟ್ಟು. ಬೆಂಬಲ ಇನ್ನೂ ಪೂರ್ಣಗೊಳ್ಳದ ಹೊಸ ಚಿಪ್ಪನ್ನು ಕಂಡರೆ ಅದು ತಾನಾಗಿ ಕೈಹಾಕುವುದಿಲ್ಲ. ಬಳಕೆದಾರರು ಆ ಚಿಪ್ಪಿನ ಗುರುತುಸಂಖ್ಯೆಯನ್ನೇ ಬರೆದು, ಫೋರ್ಸ್‌ಪ್ರೋಬ್ ಎಂಬ ಆಯ್ಕೆಯ ಮೂಲಕ ಬಲವಂತ ಮಾಡಿದರೆ ಮಾತ್ರ ಕೆಲಸ ಶುರುಮಾಡುತ್ತದೆ. ಅಲ್ಲಿಯವರೆಗೆ ಪರದೆ, ಯಂತ್ರ ಹೊತ್ತಿದಾಗ ಅದರೊಳಗೇ ಇರುವ ತಂತ್ರಾಂಶ (ಫರ್ಮ್‌ವೇರ್) ಸಜ್ಜುಗೊಳಿಸಿದ ಸ್ಥಿತಿಯಲ್ಲೇ ಮುಂದುವರಿಯುತ್ತದೆ.