ತೊಗರಿ ಜಗಳ ಸಂಜೆಗೆ ಮುಗಿಯುತ್ತೆ, ದೇವರ ಜಗಳ ಯಾಕೆ ಮುಗಿಯೊಲ್ಲ?

ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಜನವರಿ ಅಂದರೆ ತೊಗರಿಯ ಕಾಲ. ದಲಾಲರ ಅಡತ್ ಅಂಗಡಿಗಳ ಮುಂದೆ ರಾಶಿ ಬಿದ್ದಿರುತ್ತೆ. ‘ಕಾಳು ಒಣಗ್ಯಾವ್ರೀ’ ಅಂತ ರೈತ, ‘ಇಲ್ರೀ, ಇನ್ನಾ ಹಸಿ ಅದಾವ’ ಅಂತ ಖರೀದಿದಾರ. ದನಿ ಏರುತ್ತೆ, ನಾಲ್ಕು ಮಂದಿ ಸೇರುತ್ತಾರೆ. ಆಮೇಲೆ ಯಾರೋ ಒಂದು ಹಿಡಿ ಕಾಳು ತಗೊಂಡು ತೇವಾಂಶ ಅಳೆಯುವ ಯಂತ್ರಕ್ಕೆ ಹಾಕುತ್ತಾರೆ. ಶೇಕಡಾ 12ರ ಒಳಗೆ ಬಂತೋ, ರೈತನ ಮಾತು ನಿಂತಿತು. 14 ಬಂತೋ, ಖರೀದಿದಾರನ ಮಾತು ನಿಂತಿತು. ಹೊತ್ತು ಮುಳುಗುವುದರೊಳಗೆ ಇಬ್ಬರೂ ಚಾ ಕುಡಿದು ಲೆಕ್ಕಕ್ಕೆ ಕೂತಿರುತ್ತಾರೆ.

ಅದೇ ಗಂಜಿನಲ್ಲಿ ನಮ್ಮ ಸೋದರಮಾವ ಮೂವತ್ತು ವರ್ಷ ಲೆಕ್ಕ ಬರೆಯುವ ಮುನೀಮಕಿ ಮಾಡಿದರು. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗಿ ಬಂದ ಮೇಲೆಯೇ ಅವರ ಊಟ. ಅವರ ಜೊತೆ ದಿನಾ ಸಂಜೆ ಚಾದಂಗಡಿಯಲ್ಲಿ ಕೂರುವವರು ಒಬ್ಬ ನಿವೃತ್ತ ವಿಜ್ಞಾನ ಮಾಸ್ತರರು. ದೇವರೆಂಬುದು ಮನುಷ್ಯ ಕಟ್ಟಿಕೊಂಡ ಮಾತು ಅನ್ನುವವರು. ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಇವರಿಬ್ಬರ ವಾದ ಕೇಳುತ್ತಾ ಬಂದಿದ್ದೇನೆ. ಮಾಮಾ ಗುಡಿ ಬಿಟ್ಟಿಲ್ಲ, ಮಾಸ್ತರರು ಗುಡಿಯ ಮೆಟ್ಟಿಲು ಹತ್ತಿಲ್ಲ. ಒಬ್ಬರನ್ನೊಬ್ಬರು ಬದಲಿಸಲಾಗದು ಅಂತ ಗೊತ್ತಿದ್ದೂ ಮರುದಿನ ಮತ್ತೆ ಶುರು. ಇದು ಬರೀ ಹಟ ಅಂದುಕೊಂಡಿದ್ದೆ. ಮನುಷ್ಯನ ವಿಚಾರಶಕ್ತಿಯ ಬಗ್ಗೆ ಮನೋವಿಜ್ಞಾನಿಗಳು ಬರೆದದ್ದನ್ನು ಓದುತ್ತಾ ಹೋದಂತೆ ಆ ಅಭಿಪ್ರಾಯ ಬಿಟ್ಟುಕೊಟ್ಟೆ.

ಒಂದು ಸಂಜೆ ಅವರಿಬ್ಬರ ಮುಂದೆ ನಾಲ್ಕು ಚೀಟಿ ಇಟ್ಟೆ. ಮೇಲ್ಗಡೆ ಕಾಣುವಂತೆ ಬರೆದದ್ದು: ಅ, ಕ, 4, 7. ಪ್ರತಿ ಚೀಟಿಗೂ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ನಿಯಮ ಇಷ್ಟೇ: ಒಂದು ಬದಿ ಸ್ವರಾಕ್ಷರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಬೇಕು. ನಿಯಮ ಸುಳ್ಳೋ ನಿಜವೋ ನೋಡಲು ಯಾವ್ಯಾವ ಚೀಟಿ ತಿರುವಬೇಕು? ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಕೊಟ್ಟ ಒಗಟು ಇದು. ನಾನು ಅಕ್ಷರಗಳನ್ನಷ್ಟೇ ಕನ್ನಡಕ್ಕೆ ಬದಲಿಸಿದ್ದೆ. ಮಾಮಾ ‘ಅ, ಮತ್ತ 4’ ಅಂದರು. ಮಾಸ್ತರರು ‘ಅ ಒಂದೇ ಸಾಕು’ ಅಂದರು. ಇಬ್ಬರದೂ ತಪ್ಪು. ನಾನು ಬಾಯಿ ಬಿಡಲಿಲ್ಲ.

‘4ರ ಹಿಂದ ಕ ಇದ್ರ ನಿಯಮ ಮುರೀತದೇನೋ ಮುನೀಮ? ಇಲ್ಲಲ್ಲ. ಮತ್ತ ಅದನ್ನ ತಿರುವಿ ಏನ್ ಮಾಡ್ತಿ?’ ಅಂದರು ಮಾಸ್ತರರು.

ಮಾಮಾ ಸುಮ್ಮನೆ ಚೀಟಿ ನೋಡಿದರು. ಆಮೇಲೆ, ‘ಆತಪಾ. ಹಂಗಾರ 7ರ ಹಿಂದ ಅ ಇದ್ರ?’

ಮಾಸ್ತರರ ಕೈಯಲ್ಲಿದ್ದ ಬಸಿ ಅಲ್ಲೇ ನಿಂತಿತು. ‘ಖರೇ ಅದ. 7 ತಿರುವಲಿಕ್ಕೇ ಬೇಕು.’

ಅ ಮತ್ತು 7. ಅದೇ ಸರಿಯುತ್ತರ. ಒಬ್ಬೊಬ್ಬರೇ ಕೂತು ಮಾಡಿದರೆ ಈ ಒಗಟು ಬಿಡಿಸುವವರು ನೂರಕ್ಕೆ ಸುಮಾರು ಹತ್ತು ಮಂದಿ, ಅದೂ ಕಾಲೇಜು ಓದುವವರಲ್ಲಿ. 1998ರಲ್ಲಿ ಅಮೆರಿಕದ ಡೇವಿಡ್ ಮಾಷ್‌ಮನ್ ಮತ್ತು ಮಾಲಿ ಗೈಲ್ ಇದನ್ನೇ ಗುಂಪಿಗೆ ಕೊಟ್ಟು ಚರ್ಚಿಸಲು ಬಿಟ್ಟಾಗ ಸುಮಾರು ಮುಕ್ಕಾಲು ಪಾಲು ಗುಂಪುಗಳು ಸರಿಯುತ್ತರ ಕಂಡುಕೊಂಡವು. ಮಾಮಾ ಒಬ್ಬರೇ ಇದ್ದಿದ್ದರೆ 4 ಬಿಡುತ್ತಿರಲಿಲ್ಲ, ಮಾಸ್ತರರು ಒಬ್ಬರೇ ಇದ್ದಿದ್ದರೆ 7 ಮುಟ್ಟುತ್ತಿರಲಿಲ್ಲ.

ಹ್ಯೂಗೊ ಮೆರ್ಸಿಯೆ ಮತ್ತು ಡ್ಯಾನ್ ಸ್ಪೆರ್ಬರ್ ಎಂಬ ಇಬ್ಬರು ಸಂಶೋಧಕರು 2011ರಲ್ಲಿ ಮಂಡಿಸಿದ ಸಿದ್ಧಾಂತ ಇಂಥ ಪ್ರಯೋಗಗಳ ಮೇಲೆಯೇ ನಿಂತಿದೆ. ಕಾರಣ ಹುಡುಕುವ ಬುದ್ಧಿ ಮನುಷ್ಯನಲ್ಲಿ ಬೆಳೆದದ್ದು ಒಂಟಿಯಾಗಿ ಕೂತು ಸತ್ಯ ಕಂಡುಕೊಳ್ಳುವುದಕ್ಕಲ್ಲ, ಇನ್ನೊಬ್ಬರನ್ನು ಒಪ್ಪಿಸುವುದಕ್ಕೆ ಮತ್ತು ಇನ್ನೊಬ್ಬರು ಹೇಳಿದ್ದನ್ನು ಒರೆಗೆ ಹಚ್ಚುವುದಕ್ಕೆ ಅನ್ನುತ್ತಾರೆ ಅವರು. ಎಲ್ಲ ಮನೋವಿಜ್ಞಾನಿಗಳೂ ಇದಕ್ಕೆ ಒಪ್ಪಿಲ್ಲ. ನನಗೆ ಮಾತ್ರ ಆ ಚಾದಂಗಡಿಯ ಬೆಂಚಿನ ಮೇಲೆ ಕೂತು ನೋಡಿದ ಮೇಲೆ ಒಪ್ಪಿಗೆಯಾಗಿದೆ. ಇದೇ ಮೆರ್ಸಿಯೆ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವಿದೆ. ಜನರಿಂದ ಕೆಲವು ಪ್ರಶ್ನೆಗಳಿಗೆ ಉತ್ತರ, ಕಾರಣ ಎರಡನ್ನೂ ಪಡೆದರು. ಆಮೇಲೆ ಅವರದೇ ವಾದವನ್ನು ‘ಇದು ಬೇರೊಬ್ಬರು ಹೇಳಿದ್ದು’ ಎಂದು ಅವರ ಮುಂದಿಟ್ಟರು. ಅದಲುಬದಲು ಗೊತ್ತಾಗದೇ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮದೇ ವಾದವನ್ನು ‘ಇದರಲ್ಲಿ ಹುರುಳಿಲ್ಲ’ ಎಂದು ತಳ್ಳಿಹಾಕಿದರು. ನಮ್ಮ ಮಾತಿನ ತೂತು ನಮಗೆ ಕಾಣುವುದಿಲ್ಲ, ಎದುರಿಗಿದ್ದವರ ತೂತು ಕತ್ತಲಲ್ಲೂ ಕಾಣುತ್ತದೆ. ವಾದ ಮಾಡಲು ಜೊತೆ ಬೇಕೆನ್ನಿಸುವುದು ಬರೀ ಚಟ ಅಲ್ಲ.

ಹಾಗಿದ್ದರೆ ಚೀಟಿಯ ಜಗಳ ಐದು ನಿಮಿಷಕ್ಕೆ ಮುಗಿದು ದೇವರ ಜಗಳ ಮೂವತ್ತು ವರ್ಷವಾದರೂ ಮುಗಿಯದಿರುವುದು ಯಾಕೆ? ಒಂದು ಕಾರಣ ಕಣ್ಣಿಗೆ ಕಾಣುವಂಥದ್ದು. ಇಬ್ಬರೂ ಮೊದಲೇ ಒಪ್ಪಿದ ತೇವಾಂಶದ ಯಂತ್ರ ಇಲ್ಲಿ ಇಲ್ಲ. ಇನ್ನೊಂದು, ಕೆಲವು ನಂಬಿಕೆಗಳು ನಮ್ಮ ಮೈಗೆ ಅಂಟಿಕೊಂಡಿರುತ್ತವೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಸ್ ಕ್ಯಾಪ್ಲಾನ್ ಮತ್ತು ಸಂಗಡಿಗರು 2016ರಲ್ಲಿ ಗಟ್ಟಿ ರಾಜಕೀಯ ನಿಲುವಿನ 40 ಮಂದಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಅವರ ನಂಬಿಕೆಗಳಿಗೆ ವಿರುದ್ಧವಾದ ಮಾತುಗಳನ್ನು ತೋರಿಸಿದ ಅಧ್ಯಯನ ಪ್ರಕಟವಾಯಿತು. ಬಲ್ಬು ಕಂಡುಹಿಡಿದದ್ದು ಎಡಿಸನ್ ಎಂಬಂಥ ನಂಬಿಕೆಯನ್ನು ಅವರು ಸುಲಭವಾಗಿ ಸಡಿಲ ಬಿಟ್ಟರು. ರಾಜಕೀಯ ನಂಬಿಕೆಯನ್ನು ಬಿಡಲಿಲ್ಲ. ಆಗ ಹೆಚ್ಚು ಚುರುಕಾಗಿದ್ದ ಮಿದುಳಿನ ಭಾಗಗಳು ‘ನಾನು ಯಾರು’ ಎಂದು ಯೋಚಿಸುವಾಗ ಕೆಲಸ ಮಾಡುವಂಥವು. ಆ ಪ್ರಯೋಗದಲ್ಲಿ ಕೇಳಿದ್ದು ರಾಜಕೀಯವನ್ನು, ಧರ್ಮವನ್ನಲ್ಲ. ಆದರೆ ‘ದೇವರಿಲ್ಲ’ ಎಂಬ ಮಾತು ಮಾಮಾ ಕಿವಿಗೆ ಬಿದ್ದಾಗ ಅದು ಜಗತ್ತಿನ ಬಗೆಗಿನ ಒಂದು ಹೇಳಿಕೆಯಾಗಿ ಬೀಳುವುದಿಲ್ಲ. ಅವರನ್ನು ಕೈಹಿಡಿದು ಜಾತ್ರೆಗೆ ಕರೆದೊಯ್ದ ಅವರ ಅಪ್ಪನ ಬಗ್ಗೆ ಆಡಿದ ಮಾತಾಗಿ ಬೀಳುತ್ತದೆ. ಮಾಸ್ತರರಿಗೂ ಹಾಗೆಯೇ. ದೇವರಿಲ್ಲ ಎಂದು ಹೇಳಲು ಅವರು ಮನೆಯವರ, ಓಣಿಯವರ ಎಷ್ಟು ಮಾತು ತಿಂದಿದ್ದಾರೋ, ಆ ನಿಲುವು ಅವರಿಗೆ ಅಷ್ಟೇ ಸ್ವಂತದ್ದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಮೂರನೆಯ ಕಾರಣ. ಅಮೆರಿಕದ ಜಸ್ಟಿನ್ ಬ್ಯಾರೆಟ್ ಮತ್ತು ಫ್ರಾಂಕ್ ಕೈಲ್ 1996ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ದೇವರು ಹೇಗಿದ್ದಾನೆ ಎಂದು ಕೇಳಿದರೆ ಜನ ಎಲ್ಲೆಲ್ಲೂ ಇದ್ದಾನೆ, ಏಕಕಾಲಕ್ಕೆ ಎಲ್ಲವನ್ನೂ ಮಾಡಬಲ್ಲ ಎನ್ನುತ್ತಿದ್ದರು. ಆಮೇಲೆ ಅವರಿಗೆ ಒಂದು ಕಥೆ ಕೇಳಿಸಿದರು. ಹೊಳೆಯಲ್ಲಿ ಈಜುವ ಹುಡುಗನ ಕಾಲು ಎರಡು ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಅವನು ಮೊರೆಯಿಡುತ್ತಾನೆ. ಆ ಹೊತ್ತಿಗೆ ದೇವರು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಬೇರೊಬ್ಬರ ಮೊರೆಗೆ ಓಗೊಡುತ್ತಿರುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಬಂಡೆ ಸರಿಸಿ ಹುಡುಗನನ್ನು ಬಿಡಿಸುತ್ತಾನೆ. ಕಥೆಯಲ್ಲಿ ದೇವರು ಅಲ್ಲಿಂದ ಇಲ್ಲಿಗೆ ಬಂದ ಎಂದಿಲ್ಲ. ನೆನಪಿಸಿಕೊಳ್ಳುವಾಗ ಮಾತ್ರ ಜನ ದೇವರನ್ನು ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ಇಟ್ಟರು. ಮುಂದೆ ಬ್ಯಾರೆಟ್ ಉತ್ತರ ಭಾರತದ ಹಿಂದೂಗಳಲ್ಲಿ ನಡೆಸಿದ ಪ್ರಯೋಗವೂ ಇದೇ ದಾರಿಯಲ್ಲಿ ಹೋಯಿತು.

ಮಾಮಾಗೆ ಈ ಕಥೆ ಹೇಳಿ, ಅರ್ಧ ಗಂಟೆ ಬಿಟ್ಟು ಮಾಸ್ತರರಿಗೆ ಹೇಳಲು ಕೇಳಿಕೊಂಡೆ. ‘ದೇವರು ಅಲ್ಲಿ ಕೆಲಸ ಮುಗಿಸಿದ, ಲಗೂನ ಓಡಿ ಬಂದ, ಬಂಡೆ ಸರಿಸಿದ’ ಅಂದರು.

ಓಡಿ ಬಂದ! ಮಾಸ್ತರರು ಮೂವತ್ತು ವರ್ಷದಿಂದ ಹೋರಾಡುತ್ತಿರುವುದು ಸರ್ವವ್ಯಾಪಿ, ಸರ್ವಶಕ್ತ ದೇವರ ಜೊತೆ. ಮಾಮಾ ದಿನಾ ಬದುಕುತ್ತಿರುವುದು ಕರೆದರೆ ಓಡಿ ಬರುವ ದೇವರ ಜೊತೆ. ವಾದಕ್ಕೆ ಕೂತಾಗ ಮಾಮಾ ಮೊದಲನೆಯ ದೇವರನ್ನು ಮುಂದೆ ಬಿಡುತ್ತಾರೆ, ಅವನು ಸೋಲುತ್ತಾನೆ. ಸೋಮವಾರ ಎರಡನೆಯವನ ಹತ್ತಿರ ಹೋಗುತ್ತಾರೆ. ಬಾಣ ಬೀಳುವುದು ಒಂದು ಕಡೆ, ಗುರಿ ಇರುವುದು ಇನ್ನೊಂದು ಕಡೆ.

ಆದರೆ ಎಲ್ಲ ಧರ್ಮದ ಜಗಳವೂ ದೇವರ ಜಗಳವಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂತಿಟ್ಟಿದ್ದರು, ಹಾಗೆ ಮಾಡಿದರೆ ವಾಸಿಯಾಗುತ್ತೆ ಎಂಬ ನಂಬಿಕೆಯಿಂದ. ಅವತ್ತು ಚಾದಂಗಡಿಯಲ್ಲಿ ವಾದವೇ ಆಗಲಿಲ್ಲ. ಮಾಸ್ತರರಿಗಿಂತ ಹೆಚ್ಚು ಕಿಡಿಕಿಡಿಯಾಗಿದ್ದವರು ಮಾಮಾ. ಚಂದ್ರನ ನೆರಳಿಗೂ ಮಗುವಿನ ಕಾಲಿಗೂ ನಂಟಿದೆಯೇ ಎಂಬುದು ತೊಗರಿಯ ತೇವಾಂಶದಂಥ ಪ್ರಶ್ನೆ, ಅಳೆದು ತೀರ್ಮಾನ ಮಾಡಬಹುದಾದದ್ದು. ಅದನ್ನು ದೇವರ ಪ್ರಶ್ನೆಯ ಜೊತೆ ಒಂದೇ ಗಂಟು ಕಟ್ಟಿದಾಗಲೇ ಭಕ್ತರು ಬೆನ್ನು ತಿರುಗಿಸುತ್ತಾರೆ. ಗಂಟು ಬಿಚ್ಚಿ ಬೇರೆ ಮಾಡಿದರೆ ಮಾಮಾನಂಥವರು ಮೊದಲು ಎದ್ದು ನಿಲ್ಲುತ್ತಾರೆ. ಇದು ನಮ್ಮ ವಿಚಾರವಾದಿ ಗೆಳೆಯರಿಗೆ ನನ್ನ ಕಳಕಳಿಯ ಮಾತು.

ವಾದ ಮಾಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಬಸವಕಲ್ಯಾಣದ ಅನುಭವ ಮಂಟಪ ಎಲ್ಲರಿಗೂ ಗೊತ್ತು. ಶಹಾಬಾದ್ ಹತ್ತಿರದ ಮರತೂರಿನ ವಿಜ್ಞಾನೇಶ್ವರ ಅಷ್ಟು ನೆನಪಾಗುವುದಿಲ್ಲ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಬರೆದ ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನದಲ್ಲಿ ಆಸ್ತಿಯ ಹಕ್ಕು ಹುಟ್ಟಿನಿಂದ ಬರುತ್ತದೋ, ಪಾಲಾದ ಮೇಲೆ ಬರುತ್ತದೋ ಎಂಬ ಚರ್ಚೆ ಬರುತ್ತದೆ. ಹುಟ್ಟಿನಿಂದ ಎಂಬುದು ಅವನ ಸಿದ್ಧಾಂತ. ಆದರೂ ಮೊದಲು ಎದುರು ಪಕ್ಷದವರ ಕಾರಣಗಳನ್ನು ಅವನೇ ಮುಂದಿಟ್ಟು, ಆಮೇಲೆ ತನ್ನದನ್ನು ಹೇಳುತ್ತಾನೆ. ಪೂರ್ವಪಕ್ಷ ಎಂದರೆ ಅದೇ. ಈ ಪದ್ಧತಿಯಿಂದ ದೊಡ್ಡ ಉಪಕಾರವಾದದ್ದು ನಾಸ್ತಿಕರಿಗೇ. ಹಿಂದಿನ ಕಾಲದ ನಾಸ್ತಿಕರಾದ ಚಾರ್ವಾಕರ ಬರಹ ಬಹುಪಾಲು ಕಳೆದುಹೋಗಿದೆ. 14ನೇ ಶತಮಾನದ ಮಾಧವ ಎಲ್ಲ ಮತಗಳ ವಾದಗಳನ್ನು ಒಟ್ಟುಮಾಡಿದ ತನ್ನ ‘ಸರ್ವದರ್ಶನ ಸಂಗ್ರಹ’ವನ್ನು ಶುರು ಮಾಡುವುದೇ ಅವರ ವಾದದಿಂದ. ಆಸ್ತಿಕರು ಖಂಡಿಸುವ ಸಲುವಾಗಿ ಬರೆದಿಟ್ಟದ್ದರಿಂದಲೇ ಆ ಮಾತು ನಮ್ಮ ತನಕ ಬಂದು ಮುಟ್ಟಿದೆ.

ಇದನ್ನು ಓದಿದ ಉಮೇದಿನಲ್ಲಿ ಒಂದು ಸಂಜೆ ಇಬ್ಬರಿಗೂ ಕೇಳಿಕೊಂಡೆ: ‘ಇವತ್ತ ಒಂದಿನ ಮಾಮಾ ದೇವರಿಲ್ಲ ಅಂತ ಮಾತಾಡ್ಲಿ, ಸರ, ನೀವು ದೇವರದಾನ ಅಂತ ಮಾತಾಡ್ರಿ.’

ಮಾಮಾ ಟೊಪ್ಪಿಗೆ ತೆಗೆದು ಬೆಂಚಿನ ಮೇಲಿಟ್ಟರು. ‘ನೆಟಿ ರೋಗ ಬಿದ್ದು ತೊಗರಿ ನಿಂತಲ್ಲೇ ಒಣಗಿದ ವರ್ಷ ಎಷ್ಟ್ ಮಂದಿ ಹರಕಿ ಹೊತ್ತಿದ್ರು, ನಮ್ಮ ಅಂಗಡಿಗಿ ಬಂದು ಸಾಲ ತಗೊಂಡು ಕಾಯಿ ಒಡಸ್ಯಾರ. ಖಾತೆ ಬರದಾಂವ ನಾ. ಒಂದರ ಗಿಡ ಹಸರಾತೇನು?’ ಅಂದರು. ಮಾಸ್ತರರು ಇಷ್ಟು ವರ್ಷದಲ್ಲಿ ಆಡಿದ ಯಾವ ವಾದಕ್ಕೂ ಈ ತೂಕ ಇರಲಿಲ್ಲ.

ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು. ‘ನಮ್ಮವ್ವ ರಾತ್ರಿ ಬೀಸಾಗ ತತ್ವಪದ ಹಾಡ್ತಿದ್ಳು’ ಅಂದರು. ‘ಮನಿಯಾಗ ಹಿಟ್ಟಿರ್ತಿದ್ದಿಲ್ಲ, ಮಂದಿ ಜ್ವಾಳ ಬೀಸಿ ಕೊಡ್ತಿದ್ಳು. ಆದ್ರೂ ಹಾಡ್ತಿದ್ಳು. ಆಕಿ ಯಾರ ಜೋಡಿ ಮಾತಾಡ್ತಿದ್ಳು ಅನ್ನೋದು ನನಗ ಇನ್ನಾ ತಿಳದಿಲ್ಲ. ಇದು ವಾದ ಅಲ್ಲ ಮುನೀಮ. ಆದ್ರ ನಿನ್ನ ಕಡಿಯಿಂದ ಮಾತಾಡಂದ್ರ ನಾ ಇದನ್ನೇ ಹೇಳಾಂವ.’

ಚಾ ಹುಡುಗ ಖಾಲಿ ಕಪ್ಪು ಎತ್ತಿಕೊಂಡು ಹೋದ. ಮಾಮಾ ಟೊಪ್ಪಿಗೆ ಹಾಕಿಕೊಂಡು ಎದ್ದರು.

‘ಇದನ್ನ ಇಷ್ಟ್ ದಿನ ಯಾಕ ಹೇಳಿದ್ದಿಲ್ಲೋ ಮಾಸ್ತರ?’

‘ನೀ ಕೇಳಿದ್ದಿಲ್ಲಲ್ಲ. ನಾಳಿಗಿ ಮತ್ತ ನನ್ನ ಕಡಿಯಿಂದೇ ಮಾತಾಡ್ತೀನಿ. ಆರಕ್ಕ ಬಾ.’