ಗೇರಿಲ್ಲದ ಕಾರು ಕೊಂಡರೆ ಎಡಗಡೆ ಕಾಣುತ್ತಾ?

ಸ್ಟ್ರೋಕ್ ಆಗಿ ನಾಲ್ಕೈದು ತಿಂಗಳಾದ ಮೇಲೆ ಕೆಲವು ಮನೆಗಳಿಗೆ ಹೊಸ ಕಾರು ಬರುತ್ತದೆ. ಆಟೋಮ್ಯಾಟಿಕ್. ಯಜಮಾನರ ಎಡಗೈ, ಎಡಗಾಲು ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಕ್ಲಚ್ ಒತ್ತುವುದು ಎಡಗಾಲು, ಗೇರ್ ಹಾಕುವುದು ಎಡಗೈ. ಅವೆರಡೂ ಬೇಡದ ಗಾಡಿ ತಂದರೆ ಕೆಲಸ ಮುಗೀತಲ್ಲ ಅನ್ನುವುದು ಮಕ್ಕಳ ಲೆಕ್ಕ. ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿ, ಎಲ್ಲ ಆದ ಮೇಲೆ ನನ್ನ ಹತ್ತಿರ ಕರೆತರುತ್ತಾರೆ. ‘ಮೇಡಂ, ಅಪ್ಪ ಓಡಿಸಬಹುದು ಅಂತ ಒಂದು ಮಾತು ಹೇಳಿಬಿಡಿ.’

ಆ ಒಂದು ಮಾತನ್ನು ಷೋರೂಮಿಗೆ ಹೋಗುವ ಮೊದಲು ಕೇಳಬಹುದಿತ್ತು, ಅಲ್ವಾ?

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಹಾಗಂದರೇನು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ, ಫಿಸಿಯೋ ಮೇಡಂ ಅಂತಲೇ ಕರೆಯುತ್ತಾರೆ, ಇರಲಿ. ಕಾಯಿಲೆ ಬಿದ್ದವರು ಮತ್ತೆ ತಾವೇ ಸ್ನಾನ ಮಾಡುವುದು, ಅಂಗಿ ಗುಂಡಿ ಹಾಕುವುದು, ಅಡುಗೆ ಮಾಡುವುದು, ಗಾಡಿ ಓಡಿಸುವುದು, ಇವೆಲ್ಲ ನನ್ನ ಕೆಲಸಕ್ಕೆ ಸೇರಿದ್ದು. ಗಾಡಿಯ ವಿಷಯದಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿರುವುದು ಒಂದೇ ಸಂಗತಿಗೆ. ಎಲ್ಲರೂ ಕೈಕಾಲು ನೋಡುತ್ತಾರೆ. ನನಗೆ ಭಯ ಇರುವುದು ಕೈಕಾಲಿನದಲ್ಲ.

ಎಡಗೈ, ಎಡಗಾಲು ಬಿದ್ದಿದೆ ಅಂದರೆ ಸಾಮಾನ್ಯವಾಗಿ ಪೆಟ್ಟು ಬಿದ್ದಿರುವುದು ಮಿದುಳಿನ ಬಲಭಾಗಕ್ಕೆ. ಆ ಭಾಗಕ್ಕೆ ಕೈಕಾಲು ಆಡಿಸುವುದೊಂದೇ ಕೆಲಸವಲ್ಲ. ನಮ್ಮ ಎಡಗಡೆ ಏನೇನಿದೆ ಅಂತ ಗಮನ ಇಟ್ಟುಕೊಳ್ಳುವುದೂ ಅಲ್ಲಿಂದಲೇ. ಅದು ಕೆಟ್ಟರೆ ಎಡಗಡೆ ಅನ್ನುವುದೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಕಣ್ಣು ಚೆನ್ನಾಗಿರುತ್ತದೆ. ಗೋಡೆ ಮೇಲಿನ ಅಕ್ಷರ ಕಡೇ ಸಾಲಿನವರೆಗೂ ಓದುತ್ತಾರೆ. ಆದರೆ ಎಡಗಡೆಯಿಂದ ಬಂದದ್ದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ನಾವು ಇದನ್ನು ನೆಗ್ಲೆಕ್ಟ್ ಅನ್ನುತ್ತೇವೆ. ಎಡಭಾಗ ಬಿದ್ದವರಿಗೆಲ್ಲ ಹೀಗಾಗುತ್ತದೆ ಅಂತಲ್ಲ. ಆದರೆ ಆಗುವುದು ಹೆಚ್ಚಾಗಿ ಅವರಿಗೇ. ಅಂದರೆ ಆಟೋಮ್ಯಾಟಿಕ್ ಗಾಡಿ ಯಾರಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೋ, ಸ್ಟೇರಿಂಗ್ ಮುಂದೆ ಕೂರಿಸುವ ಮೊದಲು ನಾನು ಎರಡೆರಡು ಸಲ ನೋಡಬೇಕಾದವರೂ ಅವರೇ.

ಮಂಡ್ಯ ಕಡೆಯ ಕಬ್ಬು ಬೆಳೆಗಾರರೊಬ್ಬರು ಬಂದಿದ್ದರು. ಗಟ್ಟಿ ಆಳು. ಕೋಲಿಲ್ಲದೆ ನಡೆದುಕೊಂಡೇ ಒಳಗೆ ಬಂದರು, ಬರುವಾಗ ಎಡ ಭುಜ ಬಾಗಿಲಿನ ಚೌಕಟ್ಟಿಗೆ ತಾಗಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಊಟ ತಿಂಡಿ ಹೇಗೆ ಅಂತ ಅವರ ಮನೆಯವರನ್ನು ಕೇಳಿದೆ. ‘ಮೊಮ್ಮಗೀನ ನಾಮಕರಣದಲ್ಲಿ ದೊಡ್ಡ ಜಗಳ ಮೇಡಂ. ಉಪ್ಪು ಬಡಿಸಿಲ್ಲ, ಕೋಸಂಬರಿ ಬಡಿಸಿಲ್ಲ ಅಂತ ಎಲೆ ಮುಂದೆ ಕೂಗಾಡ್ಬಿಟ್ರು. ಎಲ್ಲಾ ಎಲೆ ಮೇಲೇ ಇತ್ತು.’ ಇತ್ತು, ಸರಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸುವುದು ಎಲೆಯ ಎಡ ತುದಿಗೆ. ಪಾಯಸ, ಅನ್ನ, ಬಲಗಡೆಯ ಪಲ್ಯ ಎಲ್ಲ ಖಾಲಿ ಮಾಡಿದ್ದರಂತೆ. ಎಲೆಯನ್ನು ಯಾರಾದರೂ ತಿರುಗಿಸಿ ಇಟ್ಟಿದ್ದರೆ ಕೋಸಂಬರಿಯನ್ನೂ ತಿನ್ನುತ್ತಿದ್ದರು. ಹಟ ಅಲ್ಲ, ಮರೆವೂ ಅಲ್ಲ. ಅವರ ಪಾಲಿಗೆ ಎಲೆ ಇದ್ದದ್ದೇ ಅಷ್ಟು.

ಈಗ ಅದೇ ಎಲೆಯ ಜಾಗದಲ್ಲಿ ರಸ್ತೆ ಇಡಿ. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ. ಗಾಡಿಯ ಮುಕ್ಕಾಲು ಭಾಗ ಅವರ ಎಡಕ್ಕಿರುತ್ತದೆ. ಬಸ್ಸಿಂದ ಜನ ಇಳಿಯುವುದು ಎಡಕ್ಕೆ. ಸಂದಿಯಲ್ಲಿ ನುಗ್ಗುವ ಬೈಕು ಎಡಕ್ಕೆ. ಹಾಲು ತರಲು ಹೊರಟ ಹುಡುಗ ಎಡಕ್ಕೆ. ‘ಎಕ್ಸ್‌ಪ್ರೆಸ್‌ವೇನಲ್ಲಿ ಮಾತ್ರ ಓಡಿಸ್ತೀನಿ ಮೇಡಂ’ ಅನ್ನುವವರೂ ಇದ್ದಾರೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ ಬಿಡುತ್ತಿಲ್ಲ, ನಿಜ. ಆದರೆ ಸರ್ವಿಸ್ ರಸ್ತೆಯಿಂದ ಗಾಡಿಗಳು ಒಳಗೆ ಸೇರುವುದು ಯಾವ ಕಡೆಯಿಂದ?

ಎಲ್ಲರೂ ಎಡವುವುದು ಮುಂದಿನ ವಿಷಯದಲ್ಲಿ. ಭಾನುವಾರ ಬೆಳಿಗ್ಗೆ ಹೊಸ ಲೇಔಟಿನ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿರುತ್ತಾರೆ. ‘ಚೆನ್ನಾಗೇ ಓಡಿಸಿದ್ರು’ ಅನ್ನುತ್ತಾರೆ. ಓಡಿಸಿರುತ್ತಾರೆ, ಅನುಮಾನವೇ ಇಲ್ಲ. ನಾನು ಎದುರಿಗೆ ಕೂತು ಎರಡೂ ಕೈ ಚಾಚಿ, ನನ್ನ ಮೂಗನ್ನೇ ನೋಡಿ ಅನ್ನುತ್ತೇನೆ. ಅವರ ಎಡಗಡೆ ಬೆರಳು ಆಡಿಸಿದರೆ ‘ಎಡ’ ಅನ್ನುತ್ತಾರೆ. ಬಲಗಡೆ ಆಡಿಸಿದರೆ ‘ಬಲ’. ಎರಡನ್ನೂ ಒಟ್ಟಿಗೆ ಆಡಿಸಿದರೆ? ‘ಬಲ’ ಅಷ್ಟೇ. ಒಂದೊಂದೇ ಬಂದರೆ ಎಡಗಡೆಯದೂ ಸಿಗುತ್ತದೆ. ಎರಡೂ ಕಡೆ ಒಟ್ಟಿಗೆ ಬಂದರೆ ಬಲದ್ದು ಎಡದ್ದನ್ನು ನುಂಗಿಬಿಡುತ್ತದೆ. ಖಾಲಿ ಲೇಔಟಿನಲ್ಲಿ ಒಂದು ಸಲಕ್ಕೆ ಒಂದೇ ನಾಯಿ ಅಡ್ಡ ಬರುತ್ತದೆ. ಸಂಜೆ ಆರು ಗಂಟೆಗೆ ಮಾರ್ಕೆಟ್ ಸರ್ಕಲ್ಲಿನಲ್ಲಿ ಎರಡೂ ಕಡೆಯಿಂದ ಒಟ್ಟಿಗೇ ಬರುತ್ತವೆ. ಹಾಗಾಗಿ ಖಾಲಿ ರಸ್ತೆಯ ಪರೀಕ್ಷೆ ಪರೀಕ್ಷೆಯೇ ಅಲ್ಲ. ಇದನ್ನು ನಾನು ಬೋರ್ಡ್ ಬರೆಸಿ ಹಾಕಬೇಕು ಅಂತ ಎಷ್ಟೋ ಸಲ ಅನ್ನಿಸಿದೆ.

ಅವರನ್ನೇ ಕೇಳಿ ಪ್ರಯೋಜನವಿಲ್ಲ. ‘ನಲವತ್ತು ವರ್ಷ ಟ್ರಾಕ್ಟರ್ ಓಡಿಸಿದ್ದೀನಿ, ನಂಗೆ ಕಾಣಾಕಿಲ್ವಾ?’ ಅಂದರು ಮಂಡ್ಯದವರು. ಸುಳ್ಳು ಹೇಳುತ್ತಿರಲಿಲ್ಲ. ಬಿಟ್ಟುಹೋಗಿದೆ ಅನ್ನುವುದೇ ಅವರಿಗೆ ತಿಳಿಯುವುದಿಲ್ಲ. ಜೊತೆಗಿರುವವರನ್ನು ನಾನು ಹೆಚ್ಚು ಕೇಳುವುದು ಇದಕ್ಕೇ.

ಇನ್ನೊಂದು ತೊಂದರೆ ಇದೆ, ಇದಕ್ಕೆ ಅಣ್ಣತಮ್ಮನ ಹಾಗೆ ಕಾಣುತ್ತದೆ, ಆದರೆ ಬೇರೆ. ಎರಡೂ ಕಣ್ಣಿನ ನೋಟದಲ್ಲಿ ಒಂದೇ ಕಡೆಯ ಅರ್ಧ ಹೋಗಿರುತ್ತದೆ. ಎಡ ಅರ್ಧ ಹೋದವರು ‘ಎಡಗಣ್ಣು ಮಂಜು’ ಅಂತ ಅಂಗಡಿಗೆ ಹೋಗಿ ಹೊಸ ಕನ್ನಡಕ ಹಾಕಿಸಿಕೊಳ್ಳುತ್ತಾರೆ. ಕನ್ನಡಕದಿಂದ ಅದು ಸರಿಹೋಗುವುದಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಫೀಲ್ಡ್ ಟೆಸ್ಟ್ ಅಂತ ಕೇಳಿ, ಪೆರಿಮೆಟ್ರಿ ಅಂತಲೂ ಅನ್ನುತ್ತಾರೆ. ಅದರಲ್ಲಿ ಗೊತ್ತಾಗುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತಾರೆ. ನಾನು ವಕೀಲಳಲ್ಲ, ಗೊತ್ತಿರುವಷ್ಟು ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ, ಓಡಿಸಿದರೆ ಅಪಾಯ ಅನ್ನುವಂಥ ಕಾಯಿಲೆ ಇದ್ದವರಿಗೆ ಲೈಸೆನ್ಸ್ ನಿರಾಕರಿಸಬಹುದು. ಸ್ವಂತ ಕಾರಿನವರು ಸ್ಟ್ರೋಕ್ ಆದ ಮೇಲೆ ಇಷ್ಟು ದಿನ ಬಿಡಬೇಕು ಅಂತ ಅದರಲ್ಲಿ ಲೆಕ್ಕ ಹಾಕಿ ಬರೆದಿಲ್ಲ. ಆರ್‌ಟಿಒ ಫಾರ್ಮ್ 1ರಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಆಗುತ್ತಾ ಅಂತ ಕೇಳುತ್ತಾರೆ. ನೇರ ನೋಡಿ ಓದುವುದು ನನ್ನ ಹತ್ತಿರ ಬರುವ ಹೆಚ್ಚಿನವರಿಗೆ ಆಗುತ್ತದೆ! ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟು ಫಾರ್ಮ್ 1ಎ ಬೇಕು. ಅದಕ್ಕೆ ತಲೆ ಎತ್ತದೆ ಸೀಲು ಹೊಡೆದುಕೊಟ್ಟದ್ದನ್ನೂ ನೋಡಿದ್ದೇನೆ, ಬಿಡಿ. ಜೇಬಿನ ಲೈಸೆನ್ಸಿನ ಅವಧಿ ಇನ್ನೂ ಇದೆ ಅನ್ನುವುದು ನಿಮ್ಮ ಮಿದುಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸ್ಟ್ರೋಕ್ ಆದ ಮೇಲೆ ಫಿಟ್ಸ್ ಬಂದಿದ್ದರೆ ಮೊದಲು ನರರೋಗ ತಜ್ಞರನ್ನು ಕಾಣಿ. ಅಲ್ಲಿ ನನ್ನ ಮಾತು ನಡೆಯುವುದಿಲ್ಲ.

ಲಂಡನ್ನಿನ ಮಗ ಫೋನಿನಲ್ಲಿ ‘ಇಲ್ಲಿ ಒಂದೇ ತಿಂಗಳು, ಆಮೇಲೆ ಓಡಿಸಬಹುದು’ ಅನ್ನುವುದೂ ಉಂಟು. ಅಲ್ಲಿ ಕಾರಿಗೆ ಕನಿಷ್ಠ ಒಂದು ತಿಂಗಳು, ಸರಿ. ಅದರ ಕೆಳಗಿನ ಸಾಲನ್ನೂ ಓದಬೇಕಲ್ಲಪ್ಪ. ನೋಟದಲ್ಲಿ, ಕೈಕಾಲಿನಲ್ಲಿ, ಬುದ್ಧಿಯಲ್ಲಿ ತೊಂದರೆ ಉಳಿದಿದ್ದರೆ ತಿಂಗಳಾದರೂ ಹಾಗೇ ಹತ್ತುವಂತಿಲ್ಲ, ಅಲ್ಲಿನ ಲೈಸೆನ್ಸ್ ಕಚೇರಿಗೆ ತಿಳಿಸಲೇಬೇಕು.

ಕಾರು ಬೇಡ ಅಂದರೆ ಸ್ಕೂಟಿ ತೆಗೆಯುವವರ ಬಗ್ಗೆ ನಾನು ಬರೆಯುವುದಿಲ್ಲ. ಬಿಪಿ ಏರುತ್ತದೆ.

ಹಾಗಂತ ಮುಗಿಯಿತು ಅಂದುಕೊಳ್ಳಬೇಡಿ. ಮೊದಲ ಕೆಲವು ತಿಂಗಳಲ್ಲಿ ಬಹಳ ಜನರಿಗೆ ನೆಗ್ಲೆಕ್ಟ್ ಕಮ್ಮಿಯಾಗುತ್ತದೆ. ತಲೆ ತಿರುಗಿಸಿ ಎಡ ನೋಡುವ ಅಭ್ಯಾಸ ಮಾಡಿಸುತ್ತೇವೆ. ಪೇಪರ್ ಓದುವಾಗ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಅದು ಕಂಡ ಮೇಲೆಯೇ ಸಾಲು ಶುರು ಮಾಡಿ ಅನ್ನುತ್ತೇವೆ. ಮನೆಯವರು ಎಡಗಡೆ ಕೂತು ಮಾತಾಡಿಸಬೇಕು. ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿ, ಎಡಕ್ಕೆ ಬಂದದ್ದನ್ನೆಲ್ಲ ಜೋರಾಗಿ ಹೇಳಿಸಿ: ಬಸ್‌ಸ್ಟಾಪ್, ಸೈಕಲ್, ಹಸು. ಎಷ್ಟು ಬಿಟ್ಟರು ಅಂತ ಹಿಂದಿನ ಸೀಟಿನವರು ಎಣಿಸಲಿ. ಇದು ಅಭ್ಯಾಸ, ಪಾಸು ಫೇಲಲ್ಲ. ಕೊನೆಗೆ, ಡಾಕ್ಟರೂ ಒಪ್ಪಿದ ಮೇಲೆ, ಡ್ರೈವಿಂಗ್ ಸ್ಕೂಲಿನ ಗಾಡಿ. ಅಲ್ಲಿ ಕಲಿಸುವವರ ಕಾಲಡಿಯಲ್ಲೂ ಬ್ರೇಕ್ ಇರುತ್ತದೆ. ಅವರಿಗೆ ವಿಷಯ ಮುಚ್ಚಿಡಬೇಡಿ.

ಮಂಡ್ಯದವರಿಗೆ ನಾನು ಇನ್ನೂ ಹೂಂ ಅಂದಿಲ್ಲ. ಕಾರನ್ನು ಸದ್ಯಕ್ಕೆ ಸೊಸೆ ಓಡಿಸುತ್ತಾಳೆ. ಅವಳ ಲೈಸೆನ್ಸ್ ಮದುವೆಯಾದಾಗಿನಿಂದ ಬೀರುವಿನಲ್ಲಿತ್ತು.

ನೀವೂ ಬರುವುದಾದರೆ ಡಿಸ್ಚಾರ್ಜ್ ಕಾಗದ, ಮಾತ್ರೆ ಚೀಟಿ, ಫೀಲ್ಡ್ ಟೆಸ್ಟ್ ರಿಪೋರ್ಟ್ ತನ್ನಿ. ಜೊತೆಯಲ್ಲಿ ಊಟ ಬಡಿಸುವವರನ್ನು ಕರೆತನ್ನಿ. ಬಸ್ಸಿನಲ್ಲೋ ಆಟೋದಲ್ಲೋ ಬನ್ನಿ. ಓಡಿಸಬಹುದಾ ಅಂತ ಕೇಳೋಕೆ ತಾವೇ ಓಡಿಸಿಕೊಂಡು ಬಂದವರೂ ಇದ್ದಾರೆ.