ಆದರ್ಶಕ್ಕೆ ರೊಟ್ಟಿ ಕೊಟ್ಟ ಮನೆಗಳು

ಹೈದರಾಬಾದ್ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ನೆನಪಿಗೆ ಪ್ರತಿ ಸೆಪ್ಟೆಂಬರ್ 17ರಂದು ರಾಯಚೂರು, ಕೊಪ್ಪಳಗಳಲ್ಲಿ ಧ್ವಜಾರೋಹಣ ಮುಗಿದು ಭಾಷಣಗಳು ಆರಂಭವಾದೊಡನೆ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: ಅಂಥ ಮನುಷ್ಯರು ಈಗೆಲ್ಲಿದ್ದಾರೆ? ಕೇಳುವವರು ಸಾಮಾನ್ಯವಾಗಿ ವೇದಿಕೆಯ ಮೇಲೆಯೇ ಕುಳಿತಿರುತ್ತಾರೆಂಬುದು ಬೇರೆ ಮಾತು. ಆದರೆ ‘ಅಂಥ ಮನುಷ್ಯರು’ ಯಾರ ಅನ್ನ ಉಂಡು ಬದುಕಿದ್ದರು ಎಂಬುದನ್ನು ಯಾರೂ ಕೇಳುವುದಿಲ್ಲ.

ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು. ನಿಜಾಮರ ಆಡಳಿತದ ಕೆಂಗಣ್ಣಿಗೆ ಗುರಿಯಾಗಿ ಅವರು ಊರು ಬಿಡಬೇಕಾಯಿತು; ಶಾಲೆಯನ್ನು ಊರು ಬಿಡಲಿಲ್ಲ. ದೇಶ ಸ್ವತಂತ್ರವಾದ ಮೇಲೂ ನಿಜಾಮರ ಕೈಯಲ್ಲೇ ಉಳಿದ ಕೊಪ್ಪಳ ಸೀಮೆಯ ತರುಣರು ಗಡಿ ದಾಟಿ, ಮುಂಬಯಿ ಪ್ರಾಂತ್ಯದಲ್ಲಿದ್ದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ನಾಯಕತ್ವದಲ್ಲಿ ಶಿಬಿರ ಹೂಡಿದರು. ಶಿಬಿರ ನಡೆಯಬೇಕಾದರೆ ಬಂದೂಕಿಗಿಂತ ಮೊದಲು ಜೋಳ ಬೇಕು. 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಬಂದಾಗ ಜೈಲಿಗೆ ಹೋದವರ ಬಳಿ ತೋರಿಸಲು ಕಾಗದವಿತ್ತು; ರೊಟ್ಟಿ ಬಡಿದು ಕಟ್ಟಿಕೊಟ್ಟ ಹೆಂಗಸರಿಗೆ ಪ್ರಮಾಣಪತ್ರ ಕೊಡುವವರಾರು? ಇತ್ತ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮದ ಪೆಂಡಾಲಿಗೆ ಕಾವಲಿದ್ದು ಆ್ಯಸಿಡ್ ದಾಳಿಗೆ ಪ್ರಾಣ ತೆತ್ತ ಪೈಲ್ವಾನ್ ರಂಜಾನ್ ಸಾಬ್ ಯಾವ ಹುದ್ದೆಯನ್ನೂ ಬಯಸಿದವರಲ್ಲ.

ತುಂಗಭದ್ರೆಯ ಕಾಲುವೆ, ಗಂಗಾವತಿಯ ಭತ್ತ, 1973ರ ಸಂಡೂರು ಭೂಹೋರಾಟ, ರೈತ ಚಳವಳಿ: ಅರ್ಧ ಶತಮಾನ ಹೀಗೆ ಸರಿಯಿತು.

ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಹಗಲಿರುಳು ಲಾರಿಗಳು ಓಡಿದವು. ಬಿರಿದ ಹತ್ತಿಯೂ ಕೆಂಪಾಗುವಷ್ಟು ಧೂಳು. ಶೇಂಗಾ ಬಿತ್ತಿ ಮಳೆಗೆ ಕಾಯುವುದಕ್ಕಿಂತ ಪಟ್ಟಾ ಭೂಮಿಯನ್ನು ಅದಿರು ಕೆದಕಲು ಕೊಡುವುದು ಹಲವರಿಗೆ ಲಾಭವೆನಿಸಿತು. ಸಾಲ ಮಾಡಿ ಲಾರಿ ಕೊಂಡವರು, ಪಂಕ್ಚರ್ ಅಂಗಡಿ ಇಟ್ಟವರು, ಟ್ರಿಪ್ಪಿಗಿಷ್ಟೆಂದು ದುಡಿದವರು, ಎಲ್ಲರ ಒಲೆಯೂ ಆ ಗುಡ್ಡದಿಂದಲೇ ಉರಿಯತೊಡಗಿತು. ಇದನ್ನು ದುರಾಸೆ ಎಂದು ತಳ್ಳಿಹಾಕುವುದು ಸುಲಭ. ಮಳೆ ಕೈಕೊಟ್ಟ ಸೀಮೆಯಲ್ಲಿ ಕೈಗೆ ಬಂದ ಮೊದಲ ನಗದು ಹಣವದು. ಆದರೆ ಗಣಿಯ ಅಕ್ರಮವನ್ನು ಪ್ರಶ್ನಿಸುವವನು ಬಾಗಿಲಿಗೆ ಬಂದಾಗ ಆ ಮನೆಯ ಮಗನೇ ಲಾರಿಯಲ್ಲಿ ಕ್ಲೀನರ್ ಆಗಿದ್ದರೆ, ರೊಟ್ಟಿ ಕೊಡುವವರು ಯಾರು? ದೂರು ಕೊಟ್ಟವರು ಜಿಲ್ಲೆಯೊಳಗೂ ಇದ್ದರು, ಅವರ ಬೆನ್ನಿಗೆ ನಿಂತ ಓಣಿಗಳು ಮಾತ್ರ ಕಡಿಮೆ. ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತದ ಎರಡನೆಯ ವರದಿ ಸಲ್ಲಿಕೆಯಾದ ಎರಡೇ ದಿನಕ್ಕೆ, 2011ರ ಜುಲೈ 29ರಂದು, ಬಳ್ಳಾರಿಯ ಗಣಿಗಾರಿಕೆಗೆ ತಡೆ ಬಿತ್ತು. ಊರು ಮಾಡಬಹುದಾಗಿದ್ದ ಕೆಲಸವನ್ನು ದೆಹಲಿ ಮಾಡಿತು. ಕಂತು ಕಟ್ಟಲಾಗದ ಲಾರಿಗಳು ಮನೆಮುಂದೆ ನಿಂತವು, ಬೈಗುಳ ದೂರು ಕೊಟ್ಟವರ ಪಾಲಿಗೆ ಬಂತು.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ಆ ಟೆಂಟಿನ ಮುಂದೆ ಹಾದುಹೋಗುವವರನ್ನು ಕೇಳಿದರೆ ಬೇಡಿಕೆ ನ್ಯಾಯವಾದದ್ದೆಂದೇ ಹೇಳುತ್ತಿದ್ದರು. ಒಳಗೆ ಬಂದು ಒಂದು ತಾಸು ಕೂರುವುದಕ್ಕೆ ಮಾತ್ರ ಬಿಡುವಿರಲಿಲ್ಲ.